ಕನ್ನಡವನ್ನು ಕಲಿತ ಕಿಟ್ಟೆಲ್ ಅಯ್ಯನವರ ಚರಿತ್ರೆ



ನಿರ್ಣಾ ಗ್ರಾಮದವರಿಗೂ ಹುಮನಾಬಾದ, ಬಸವಕಲ್ಯಾಣಗಳ ಸುತ್ತಲಿನ ಸಭೆಗಳವರಿಗೂ ಪರಭಾಷೆಯೆಂಬದು ಹೊಸ ಸಂಗತಿಯಲ್ಲ. ಮನೆಯಲ್ಲಿ ಕನ್ನಡವನ್ನು ಆಡುತ್ತೇವೆ. ಪಡುವಣ ಕಡೆಯಿಂದ ಮರಾಠಿಯೂ ಮೂಡಣ ಕಡೆಯಿಂದ ತೆಲುಗೂ ಬಂದು ನಮ್ಮ ಕಿವಿಗೆ ಬೀಳುತ್ತವೆ. 1948ರಲ್ಲಿ ನಿಜಾಮ ಸಂಸ್ಥಾನವು ಕೊನೆಗಾಣುವ ವರೆಗೂ ಕಚೇರಿಯ ಕಾಗದಗಳು ಉರ್ದುವಿನಲ್ಲಿದ್ದದರಿಂದ ನಮ್ಮ ಅಜ್ಜಂದಿರು ಆ ಭಾಷೆಗೂ ಕಿವಿಗೊಡಬೇಕಾಯಿತು. ಆದರೂ ಕಿವಿಗೆ ಬಿದ್ದ ಭಾಷೆಯೇ ಬೇರೆ, ಕುಳಿತು ಕಲಿತ ಭಾಷೆಯೇ ಬೇರೆ. ನಮ್ಮ ಯೌವನಸ್ಥರಲ್ಲಿ ಎಷ್ಟೋ ಮಂದಿ ಇಂಗ್ಲಿಷನ್ನಾಗಲಿ ಮತ್ತೊಂದು ಭಾಷೆಯನ್ನಾಗಲಿ ತಾವಾಗಿಯೇ ಕಲಿಯುವೆವೆಂದು ಹೊಸ ಪುಸ್ತಕವನ್ನು ಕೊಂಡುಕೊಂಡು, ಮೊದಲಿನ ಹತ್ತು ಹಾಳೆಗಳನ್ನು ಮಸಿಯಿಂದ ತುಂಬಿಸಿ, ಮಳೆಗಾಲವು ಮುಗಿಯುವದರೊಳಗೆ ಅದನ್ನು ಗೂಡಿನ ಮೇಲಿಟ್ಟು ಬಿಡುತ್ತಾರೆ. ಅವರನ್ನು ಗದರಿಸುವದಕ್ಕೆ ನನಗೆ ಬಾಯಿಲ್ಲ. ನಾನು ಸೆಮಿನರಿಯಲ್ಲಿದ್ದಾಗ ಗ್ರೀಕ್ ಅಕ್ಷರಗಳನ್ನು ಸಂತೋಷದಿಂದ ಕಲಿತು, ಕ್ರಿಯಾಪದಗಳ ಬಳಿಗೆ ಬಂದ ಕೂಡಲೇ ಎದೆಗುಂದಿ, ಪುಸ್ತಕವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದವನಾಗಿದ್ದೇನೆ. ಅದನ್ನು ತಿರಿಗಿ ಮೇಲಕ್ಕೆ ತೆಗೆಯುವದಕ್ಕೆ ಎರಡು ವರುಷ ಹಿಡಿಯಿತು.

ಆದದರಿಂದ ಪರದೇಶದಿಂದ ಬಂದು ನಮ್ಮ ಕನ್ನಡವನ್ನೇ ಪರಭಾಷೆಯಾಗಿ ಕಲಿತು, ನಾಲ್ವತ್ತು ವರುಷಗಳಾದರೂ ಆ ಕಲಿಯುವಿಕೆಯನ್ನು ಬಿಡದೆ ಇದ್ದ ಒಬ್ಬ ಮಿಶನೆರಿಯ ಚರಿತ್ರೆಯನ್ನು ಈ ಸಾರಿ ಬರೆಯುತ್ತೇನೆ. ಅವರ ಹೆಸರು ಫರ್ಡಿನಂಡ್ ಕಿಟ್ಟೆಲ್. ಅವರ ದೊಡ್ಡ ನಿಘಂಟಿನ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿರುವರು. ಆ ಪುಸ್ತಕಕ್ಕೆ ಅವರು ತೆತ್ತ ಬೆಲೆಯನ್ನು ಬಲ್ಲವರು ಕಡಿಮೆ.

ಜರ್ಮನಿ ದೇಶದ ಬಡಗಣ ಸಮುದ್ರದ ದಡದಲ್ಲಿ ಪೂರ್ವ ಫ್ರೀಸ್ಲಂಡ್ ಎಂಬ ತಗ್ಗಿನ ಸೀಮೆಯುಂಟು. ಅಲ್ಲಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಕಿಟ್ಟೆಲರು 1832ನೇ ಇಸವಿ ಏಪ್ರಿಲ್ 7ನೇ ತಾರೀಖಿನಲ್ಲಿ ಹುಟ್ಟಿದರು. ತಂದೆ ಸಭಾಪಾಲಕರು. ಆ ಸೀಮೆಯ ಒಕ್ಕಲಿಗರ ಆಡುಮಾತು ಒಂದು ಬಗೆಯದು, ಪಾಠಶಾಲೆಯ ಜರ್ಮನ್ ಭಾಷೆ ಮತ್ತೊಂದು ಬಗೆಯದು. ಹೀಗೆ ಹೊಲದಲ್ಲಿ ಒಂದು ಮಾತು, ಪುಸ್ತಕದಲ್ಲಿ ಒಂದು ಮಾತು ಎಂಬ ಭೇದವನ್ನು ಅವರು ಚಿಕ್ಕಂದಿನಿಂದಲೇ ಕಂಡರು. ಔರಿಕ್ ಎಂಬ ಪಟ್ಟಣದ ಶಾಲೆಯಲ್ಲಿ ಲತೀನ್, ಗ್ರೀಕ್, ಹೀಬ್ರೂ, ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನು ಕಲಿತು, 1850ರಲ್ಲಿ ಸ್ವಿಟ್ಜರ್ಲಂಡಿನ ಬಾಸೆಲ್ ಪಟ್ಟಣದ ಮಿಶನ್ ವಿದ್ಯಾಲಯವನ್ನು ಸೇರಿದರು. ಮೂರು ವರುಷಗಳಾದ ಮೇಲೆ, ಅಂದರೆ 1853ರಲ್ಲಿ, ಅವರನ್ನು ಹಿಂದೂಸ್ಥಾನಕ್ಕೆ ಕಳುಹಿಸಿದರು. ಆಗ ಅವರಿಗೆ ಇಪ್ಪತ್ತೊಂದು ವರುಷ. ಸುಯೆಜ್ ಕಾಲುವೆಯು ಇನ್ನೂ ತೆರೆದಿರಲಿಲ್ಲ; ಅದು 1869ರ ಸಂಗತಿ.

ಬಾಸೆಲ್ ಮಿಶನಿನ ಮೊದಲಿನ ಮೂವರು 1834ರಲ್ಲಿ ಮಂಗಳೂರಿಗೆ ಬಂದಿದ್ದರು. ಅವರ ತರುವಾಯ ಬಂದ ಹೆರ್ಮನ್ ಮೇಗ್ಲಿಂಗ್ ಎಂಬವರು 1843ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆಯನ್ನು ಹೊರಡಿಸಿದರು. ಅದಲ್ಲದೆ ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಹಾಗಾದರೆ ಕಿಟ್ಟೆಲರಿಗೆ ದಾರಿ ತೋರಿಸುವವರು ಇದ್ದರು. ಪುಸ್ತಕಗಳು ಮಾತ್ರ ಕೊಂಚವೇ. ಶ್ರೀರಾಮಪುರದ ಕೇರಿಯವರ ವ್ಯಾಕರಣವು 1817ರಲ್ಲಿ, ವಿಲ್ಲಿಯಂ ರೀವ್ ಎಂಬವರ ಕನ್ನಡ ನಿಘಂಟು 1832ರಲ್ಲಿ ಅಚ್ಚಾಗಿದ್ದವು. ಇಂಥಾ ಎರಡು ಮೂರು ಗ್ರಂಥಗಳ ಹೊರತು ಹೊಸದಾಗಿ ಬಂದ ಪರದೇಶಸ್ಥನಿಗೆ ಆಸರೆಯಾದದ್ದು ಜನರ ಬಾಯಿಯೇ.

ಅವರನ್ನು ಮೊದಲು ಧಾರವಾಡಕ್ಕೆ ಕಳುಹಿಸಿದರು. ಧಾರವಾಡವು ಆಗ ಬೊಂಬಾಯಿ ಇಲಾಖೆಗೆ ಸೇರಿತ್ತು. ಸರಕಾರದ ಕಾಗದಪತ್ರಗಳಲ್ಲಿಯೂ ದೊಡ್ಡವರ ಮನೆಗಳಲ್ಲಿಯೂ ಮರಾಠಿಗೆ ಮಾನವಿತ್ತು. ಕನ್ನಡವು ಹೊಲದವರ ಮಾತೆಂದು ತಾತ್ಸಾರಕ್ಕೊಳಗಾಗಿತ್ತು. ನಮ್ಮ ಬೀದರ ಸೀಮೆಯ ಹಿರಿಯರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗಿರಲಾಗಿ ಉದ್ಯೋಗವನ್ನಾಗಲಿ ಹೆಸರನ್ನಾಗಲಿ ಬಯಸುವವನು ಕನ್ನಡವನ್ನು ಆಳವಾಗಿ ಕಲಿಯುವದಕ್ಕೆ ಏನೂ ಕಾರಣವಿರಲಿಲ್ಲ. ಸುವಾರ್ತೆಯನ್ನು ಸಾರುವದಕ್ಕೆ ಸಾಕಾಗುವಷ್ಟನ್ನು ಎರಡು ವರುಷಗಳಲ್ಲಿ ಕಲಿತುಕೊಂಡು ನಿಲ್ಲಿಸಿ ಬಿಡಬಹುದಾಗಿತ್ತು. ಅನೇಕರು ಹಾಗೆಯೇ ಮಾಡಿದರು, ಅವರು ಕೆಟ್ಟ ಕೆಲಸಗಾರರೂ ಅಲ್ಲ.

ಕಿಟ್ಟೆಲರು ನಿಲ್ಲಿಸಲಿಲ್ಲ. ಅಪೊಸ್ತಲನಾದ ಪೌಲನು ಯೆಹೂದ್ಯರಿಗೆ ಯೆಹೂದ್ಯನ ಹಾಗಾದನೆಂದು ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಓದುತ್ತೇವಷ್ಟೆ. ಈ ಯೌವನಸ್ಥರು ಆ ಮಾತನ್ನು ಅಕ್ಷರಾರ್ಥವಾಗಿ ತೆಗೆದುಕೊಂಡು ಕನ್ನಡಿಗರಿಗೆ ಕನ್ನಡಿಗನಾಗಬೇಕೆಂದು ಮನಸ್ಸು ಮಾಡಿದರು. ಬಿಳಿಯರು ಕುದುರೆಯ ಮೇಲೆ ಹೋಗುತ್ತಿದ್ದ ದಾರಿಯಲ್ಲಿ ಅವರು ನಡೆದು ಹೋದರು. ಕುದುರೆಯ ಮೇಲೆ ಕೂತವನಿಗೆ ಜನರು ಸಲಾಮು ಮಾಡುವರು, ಮಾತನಾಡುವದಿಲ್ಲ. ನಡೆಯುವವನ ಸಂಗಡ ಎತ್ತು ಹೊಡೆಯುವವನೂ ಹೊರೆ ಹೊತ್ತವಳೂ ಮಾತನಾಡುತ್ತಾ ಬರುವರು. ಭಾಷೆಯನ್ನು ಕಲಿಯುವವನಿಗೆ ಇದರಲ್ಲಿರುವ ಲಾಭವು ಹಳ್ಳಿಯಲ್ಲಿ ತಿರುಗಾಡುವ ಯಾವ ಉಪದೇಶಿಗೂ ತಿಳಿದದ್ದೇ.

ಆದರೆ ಈ ನಡತೆಯು ಅವರ ಜೊತೆಕೆಲಸದವರಲ್ಲಿ ಎಲ್ಲರಿಗೂ ಹಿಡಿಸಲಿಲ್ಲ. ಅದು ಅತಿಯಾದ ಹಟವೆಂದೂ ಮಿಶನಿನ ಪದ್ಧತಿಗೆ ವಿರೋಧವೆಂದೂ ಹಿರಿಯರು ಎಣಿಸಿದರು. ಬಾಸೆಲಿನ ಕಮಿಟಿಯವರಿಗೂ ಅವರಿಗೂ ಪತ್ರಗಳಲ್ಲಿ ಮನಸ್ತಾಪವಾಯಿತು. ಅವರನ್ನು ಧಾರವಾಡದಿಂದ ತೆಗೆದು ಬೇರೆ ಠಾಣ್ಯಗಳಿಗೆ ಹಾಕಿದರು. ಇದರಲ್ಲಿ ತಪ್ಪೆಲ್ಲಾ ಹಿರಿಯರದೇ ಎಂದು ನಾನು ಬರೆಯಲಾರೆನು. ಅವರು ಬಗ್ಗದ ಸ್ವಭಾವದವರು. ಇಪ್ಪತ್ತೈದು ವರುಷದವನು ಐವತ್ತು ವರುಷದವರಿಗೆ ಹೊಸ ಮಾರ್ಗವನ್ನು ತೋರಿಸ ಹೋದರೆ ನಮ್ಮ ಸಭೆಗಳಲ್ಲಿಯೂ ಸಮಾಧಾನ ಉಳಿಯುವದಿಲ್ಲ. ಆದರೂ ಒಂದು ಮಾತು ನಿಜ. ಠಾಣ್ಯವು ಬದಲಾದರೂ ಅಭ್ಯಾಸವು ಬದಲಾಗಲಿಲ್ಲ. ಹೋದ ಹೋದಲ್ಲಿ ಆ ಆ ಸೀಮೆಯ ಮಾತನ್ನು ಕಿವಿಗೊಟ್ಟು ಕೇಳಿ ಕೂಡಿಸುತ್ತಾ ಬಂದರು. ಧಾರವಾಡದ ಮಾತು, ಮಂಗಳೂರಿನ ಮಾತು, ಕೊಡಗಿನ ಮಡಿಕೇರಿಯ ಮಾತು ಇವುಗಳ ಭೇದವು ಒಂದೇ ಊರಿನಲ್ಲಿ ನೆಲೆಯಾಗಿದ್ದವನಿಗೆ ಎಂದಿಗೂ ತಿಳಿಯುತ್ತಿರಲಿಲ್ಲ. ವರ್ಗವಾದದ್ದರ ದುಃಖವು ಹೀಗೆ ಪದಗಳ ಲಾಭವಾಗಿ ತಿರುಗಿತು.

1860ರಲ್ಲಿ ಪೌಲೀನ್ ಐತ್ ಎಂಬ ಕನ್ಯೆಯನ್ನು ಮದುವೆಯಾದರು. ನಾಲ್ಕು ವರುಷಗಳಾದ ಮೇಲೆ, 1864ರಲ್ಲಿ, ಆಕೆಯು ತೀರಿಹೋದಳು. ಮುಂದೆ 1867ರಲ್ಲಿ ಆಕೆಯ ತಂಗಿಯಾದ ಜೂಲಿಯನ್ನು ಮದುವೆಯಾದರು. ಈ ವರುಷಗಳಲ್ಲಿಯೇ ಅವರು ಕನ್ನಡದಲ್ಲಿ ಪದ್ಯ ಕಟ್ಟಿದರೆಂಬದು ಗಮನಿಸತಕ್ಕದ್ದು. ಕರ್ತನ ಜೀವಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿ ಕಥಾಮಾಲೆಯೆಂಬ ಪುಸ್ತಕವನ್ನು 1862ರಲ್ಲಿ ಹೊರಡಿಸಿದರು. ಪರಭಾಷೆಯಲ್ಲಿ ಪ್ರಸಂಗ ಮಾಡುವದು ಒಂದು ಹೆಜ್ಜೆ. ಆ ಭಾಷೆಯ ತಾಳಕ್ಕೆ ಮಾತ್ರೆಗಳನ್ನು ಎಣಿಸಿ ಹಾಡು ಕಟ್ಟುವದು ಹತ್ತು ಹೆಜ್ಜೆ. ಜರ್ಮನಿಯ ರಾಗಗಳಿಗೆ ಕನ್ನಡದ ಮಾತುಗಳನ್ನು ಹೊಲಿದು ಹಾಡಿಸುವದು ಆಗಿನ ರೂಢಿ. ಹಳ್ಳಿಯವರು ಕೇಳುವ ಕಿವಿಯಿಂದಲೇ ಕೇಳಬೇಕೆಂದು ಕಿಟ್ಟೆಲರು ಈ ದಾರಿಯನ್ನು ಹಿಡಿದರು. ಅವರ ಪದ್ಯಗಳು ಒಳ್ಳೇ ಕವಿಗಳ ಪದ್ಯಗಳಿಗೆ ಸಮಾನವೆಂದು ಹೇಳಲಾರೆನು, ಆದರೆ ಅವರಿಗೆ ಅವು ಅಭ್ಯಾಸದ ಗರಡಿಯಾದವು.

ಪದ್ಯ ಕಟ್ಟ ಹೋದವರಿಗೆ ಛಂದಸ್ಸು ಬೇಕಾಯಿತು. ಛಂದಸ್ಸನ್ನು ಹುಡುಕ ಹೋದವರಿಗೆ ಹಳಗನ್ನಡ ಬೇಕಾಯಿತು. ಹೀಗೆ ಒಂದು ಬೇರನ್ನು ಹಿಡಿದೆಳೆದರೆ ಮತ್ತೊಂದು ಬೇರು ಕೈಗೆ ಬಂತು. ಕೇಶಿರಾಜನೆಂಬ ಜೈನ ಪಂಡಿತನು ಹದಿಮೂರನೆಯ ಶತಮಾನದಲ್ಲಿ ಬರೆದ ಶಬ್ದಮಣಿದರ್ಪಣವೆಂಬ ವ್ಯಾಕರಣವನ್ನು ಅವರು ಪ್ರತಿಗಳನ್ನು ಹೋಲಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಹೊರಡಿಸಿದರು. ಶಾಲೆಯ ಹುಡುಗರಿಗೆ ಹಳಗನ್ನಡ ವ್ಯಾಕರಣದ ಸೂತ್ರಗಳನ್ನೂ ಬರೆದರು.

ಇದರಿಂದ ನಮಗೇನು ಎಂದು ಕೇಳುವವರಿಗೆ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ನಾವು ಹಾಲು ಎನ್ನುತ್ತೇವೆ. ನಮ್ಮ ಮೂಡಣ ಕಡೆಯ ತೆಲುಗಿನವರು ಪಾಲು ಎನ್ನುತ್ತಾರೆ. ನಾವು ಹುಲಿ ಎನ್ನುತ್ತೇವೆ. ಅವರು ಪುಲಿ ಎನ್ನುತ್ತಾರೆ. ಸಂತೆಯಲ್ಲಿ ಇದನ್ನು ಕೇಳಿ ನಗುತ್ತೇವೆ. ಆದರೆ ಹಳಗನ್ನಡದಲ್ಲಿ ನಮ್ಮ ಮಾತುಗಳೂ ಪಾಲ್, ಪುಲಿ ಎಂದೇ ಇದ್ದವು; ಕಾಲಕ್ರಮದಲ್ಲಿ ನಮ್ಮ ಬಾಯಿಯಲ್ಲಿ ಪಕಾರವು ಹಕಾರವಾಯಿತು. ಇದು ತಿಳಿದವನಿಗೆ ತೆಲುಗಿನ ಅಥವಾ ತಮಿಳಿನ ನೂರು ಮಾತುಗಳು ಬಾಯಿಪಾಠವಿಲ್ಲದೆ ಬರುವವು. ಹಾಗೆಯೇ ಹಳೆಯ ಕನ್ನಡದಲ್ಲಿದ್ದು ಈಗ ಬಿಟ್ಟುಹೋಗಿರುವ ಱಕಾರ, ೞಕಾರಗಳೆಂಬ ಎರಡು ಅಕ್ಷರಗಳನ್ನು ಕಿಟ್ಟೆಲರು ಯಾವ ಯಾವ ಪದದಲ್ಲಿ ಬರುವವೆಂದು ಕೇಶಿರಾಜನಿಂದಲೂ ಅಕ್ಕಪಕ್ಕದ ಭಾಷೆಗಳಿಂದಲೂ ಕಲಿತು, ತಮ್ಮ ನಿಘಂಟಿನಲ್ಲಿ ಅವುಗಳನ್ನು ಅವುಗಳ ಸ್ಥಾನದಲ್ಲಿಯೇ ಅಚ್ಚು ಹಾಕಿಸಿದರು. ಏಳು ಎಂಬ ಎಣಿಕೆಯ ಮಾತು ಹಿಂದೆ ಏೞು ಎಂದಿತ್ತು. ಭಾಷೆಗಳನ್ನು ಒಂದೊಂದಾಗಿ ಅಲ್ಲ, ಅಕ್ಕತಂಗಿಯರನ್ನು ಒಟ್ಟಿಗೆ ನಿಲ್ಲಿಸಿದ ಹಾಗೆ ನಿಲ್ಲಿಸಿ ಅವರು ಕಲಿತರು. ನಾಲ್ಕು ಭಾಷೆಗಳ ನಡುವೆ ಬದುಕುವ ನಮಗೆ ಈ ರೀತಿಯು ಹೊರೆಯಾಗದೆ ಸಹಾಯವಾಗಬಹುದೆಂದು ನನ್ನ ಅಭಿಪ್ರಾಯ.

ಇನ್ನು ನಿಘಂಟಿನ ಸಂಗತಿ. ರೀವರ ನಿಘಂಟನ್ನು ಸ್ಯಾಂಡರ್ಸನ್ ಎಂಬವರು ತಿದ್ದಿ 1858ರಲ್ಲಿ ಬೆಂಗಳೂರಿನಲ್ಲಿ ತಿರಿಗಿ ಅಚ್ಚು ಹಾಕಿಸಿದ್ದರೂ ಅದು ಸಾಲದೆಂದು ಎಲ್ಲರಿಗೂ ತೋರಿತ್ತು. ಅದೇ ಬಾಸೆಲ್ ಮಿಶನಿನ ಗುಂಡರ್ಟ್ ಅಯ್ಯನವರು ಮಲಯಾಳ ಭಾಷೆಯ ನಿಘಂಟನ್ನು 1872ರಲ್ಲಿ ಮುಗಿಸಿದರು. ಆ ಕಾಲದಲ್ಲಿಯೇ ಕನ್ನಡದ ಕೆಲಸವು ಕಿಟ್ಟೆಲರ ಪಾಲಿಗೆ ಬಂತು. ಅದು ಮುಗಿಯುವದಕ್ಕೆ ಇಪ್ಪತ್ತು ವರುಷಗಳ ಮೇಲೆ ಹಿಡಿಯಿತು.

1877ರಲ್ಲಿ ಅವರು ಕುಟುಂಬಸಹಿತವಾಗಿ ಜರ್ಮನಿಗೆ ಹೋದರು. ಅಲ್ಲಿದ್ದು ಬರೆಯುವದಕ್ಕೆ ಪ್ರಯತ್ನಪಟ್ಟರೂ ಕೆಲಸವು ಸಾಗಲಿಲ್ಲ. ಅದು ಆಶ್ಚರ್ಯವಲ್ಲ: ಪುಸ್ತಕದಲ್ಲಿರುವ ಮಾತನ್ನು ಎಲ್ಲಿಯಾದರೂ ಕುಳಿತು ಬರೆಯಬಹುದು, ಬಾಯಿಯಲ್ಲಿರುವ ಮಾತನ್ನು ಬಾಯಿಯ ಬಳಿಯಲ್ಲಿಯೇ ಬರೆಯಬೇಕು. ಒಂದು ಪದವು ಮೈಸೂರ ಸೀಮೆಯಲ್ಲಿ ನಡೆಯುವದೋ ಧಾರವಾಡದ ಕಡೆ ನಡೆಯುವದೋ ಎಂದು ಯಾರನ್ನು ಕೇಳಬೇಕು? ಆದಕಾರಣ 1883ರಲ್ಲಿ ಹೆಂಡತಿಮಕ್ಕಳನ್ನು ಜರ್ಮನಿಯಲ್ಲಿ ಬಿಟ್ಟು ಒಬ್ಬರೇ ತಿರಿಗಿ ಬಂದರು. ಆಗ ಅವರಿಗೆ ಐವತ್ತೊಂದು ವರುಷ. ಈ ಸಾರಿ ಅವರು ಬಂದದ್ದು ಈ ಒಂದು ಪುಸ್ತಕದ ನಿಮಿತ್ತವಾಗಿಯೇ.

ಈ ಒಂಭತ್ತು ವರುಷಗಳ ವಿಷಯವಾಗಿ ನಾನು ಅನೇಕ ಸಾರಿ ಯೋಚಿಸಿದ್ದೇನೆ. ತಂದೆಯಿಲ್ಲದೆ ಮಕ್ಕಳು ಅಲ್ಲಿ ಬೆಳೆದರು. ಕಾಗದಗಳು ಹಡಗಿನಲ್ಲಿ ಬರುತ್ತಿದ್ದವು. ಕಣ್ಣುಗಳು ಕೆಡುತ್ತಾ ಬಂದವು. ಕೈಬರಹದ ಪ್ರತಿಗಳನ್ನೂ ಸಣ್ಣ ಅಕ್ಷರಗಳನ್ನೂ ದೀಪದ ಬೆಳಕಿನಲ್ಲಿ ನೋಡುವವನಿಗೆ ಕಣ್ಣೇ ಬಂಡವಾಳ. ಆ ಬಂಡವಾಳವೇ ಕರಗುತ್ತಾ ಇತ್ತು. ಮಿಶನಿನೊಳಗೆ ಈ ಕೆಲಸವು ಸುವಾರ್ತೆಯ ಕೆಲಸವೋ ಬರೇ ಪಾಂಡಿತ್ಯವೋ ಎಂಬ ಸಂದೇಹವು ಇದ್ದೇ ಇತ್ತು. ಆ ಸಂದೇಹವನ್ನು ಪೂರಾ ತಪ್ಪೆನ್ನಲಾರೆನು. ದೀಕ್ಷಾಸ್ನಾನ ಹೊಂದಿದವರ ಪಟ್ಟಿಯನ್ನು ತೆಗೆದು ನೋಡಿದರೆ ಕಿಟ್ಟೆಲರಿಗಿಂತ ಹೆಚ್ಚಾಗಿ ಫಲ ಕಂಡ ಮಿಶನೆರಿಗಳು ಅನೇಕರಿದ್ದಾರೆ. ಹೆಂಡತಿಮಕ್ಕಳನ್ನು ಅಷ್ಟು ಕಾಲ ಬಿಟ್ಟಿದ್ದದ್ದು ಸರಿಯೋ ಎಂದು ಕೇಳಿದರೆ ನಾನು ಸುಮ್ಮನಾಗುತ್ತೇನೆ. ಜೂಲಿಯಮ್ಮನವರು ಹೊತ್ತ ಭಾರವೂ ಆ ನಿಘಂಟಿನಲ್ಲಿ ಸೇರಿದೆಯೆಂದು ಮಾತ್ರ ಹೇಳುವೆನು.

ಅವರು ಬೇಸರಗೊಳ್ಳದೆ ಇದ್ದದ್ದು ಹೇಗೆ? ಅವರು ಮಾಡಿದ ಕೆಲಸದಿಂದಲೇ ಇದನ್ನು ಸ್ವಲ್ಪ ಮಟ್ಟಿಗೆ ಊಹಿಸಬಹುದು. ನಿಘಂಟಿನ ಯಾವ ಹಾಳೆಯನ್ನಾದರೂ ತೆರೆಯಿರಿ. ಕನ್ನಡದ ಪದವು ಮೊದಲು. ಅದರ ಅರ್ಥವು ಇಂಗ್ಲಿಷಿನಲ್ಲಿ. ಅದು ಅಚ್ಚಗನ್ನಡವೋ, ಸಂಸ್ಕೃತದಿಂದ ಬಂದದ್ದೋ, ಅಲ್ಲಿಂದ ಬಂದು ರೂಪ ಕೆಟ್ಟ ತದ್ಭವವೋ, ಮರಾಠಿಯದೋ ಹಿಂದುಸ್ಥಾನಿಯದೋ ಎಂಬ ಗುರುತು. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿ ಅದರ ಒಡಹುಟ್ಟಿದ ಪದಗಳು. ಶಬ್ದಮಣಿದರ್ಪಣ, ಬಸವಪುರಾಣ, ಜೈಮಿನಿಭಾರತ ಮೊದಲಾದವುಗಳಿಂದ ಪ್ರಯೋಗಗಳು. ಅದು ಮೈಸೂರಿನಲ್ಲಿ ನಡೆಯುವ ಮಾತೋ ದಕ್ಷಿಣ ಮರಾಠ ಸೀಮೆಯೆನಿಸಿಕೊಂಡ ಧಾರವಾಡದ ಕಡೆಯ ಮಾತೋ ಎಂಬದು. ಇವೆಲ್ಲವುಗಳ ನಡುವೆ ಅಲ್ಲಲ್ಲಿ ಒಂದು ಗಾದೆ. ಬೀಸುವ ಕಲ್ಲಿನ ಬಳಿಯಲ್ಲಿಯೂ ಕಣದಲ್ಲಿಯೂ ಹೆಂಗಸರು, ಒಕ್ಕಲಿಗರು ಆಡುವಂಥಾ ಗಾದೆಗಳನ್ನು ಪಂಡಿತರ ಶ್ಲೋಕದ ಪಕ್ಕದಲ್ಲಿಯೇ ಕೂರಿಸಿದ್ದಾರೆ. ಕಷ್ಟವನ್ನು ಬರೇ ಸಹಿಸುವವನು ಈ ರೀತಿ ಬರೆಯಲಾರನು. ಒಂದು ಪದವು ಎಲ್ಲಿಂದ ಬಂತು, ಯಾರು ಆಡುತ್ತಾರೆ, ನೆರೆಯವರು ಅದನ್ನು ಏನೆನ್ನುತ್ತಾರೆ ಎಂಬ ಕುತೂಹಲವುಳ್ಳವನಿಗೆ ಪ್ರತಿದಿನವೂ ಒಂದು ಹೊಸ ಊರಿಗೆ ಹೋದ ಹಾಗಿರುವದು. ಸಾವಿರ ಪದಗಳನ್ನು ಕಲಿಯಬೇಕೆಂದು ಎಣಿಸುತ್ತಾ ಕೂರುವವನು ನೂರಕ್ಕೇ ದಣಿಯುವನು.

ಮತ್ತೊಂದು ಸಂಗತಿಯನ್ನು ಬಿಡಬಾರದು. ಅವರು ಒಬ್ಬರೇ ಕಲಿತರೆಂದು ಹೇಳುವದು ಪೂರಾ ಸರಿಯಲ್ಲ. ಮೈಸೂರ ಕಡೆಯ ಪಂಡಿತರೂ ಧಾರವಾಡದ ಕಡೆಯ ಮುನಶಿಗಳೂ ಸಂದೇಹಗಳನ್ನು ಬಿಡಿಸಿದರು. ಗುರುವಿಲ್ಲದೆ ಕಲಿತವನೂ ಕೇಳುವದಕ್ಕೆ ನಾಚಿದರೆ ಮುಂದೆ ಹೋಗಲಾರನು.

ಅವರ ಎಲ್ಲಾ ಬರಹಗಳನ್ನೂ ನಾನು ಮೆಚ್ಚುವದಿಲ್ಲ. ನಮ್ಮ ದೇಶದವರ ಯಜ್ಞಗಳ ವಿಷಯವಾಗಿಯೂ ಲಿಂಗಪೂಜೆಯ ಮೂಲದ ವಿಷಯವಾಗಿಯೂ ಅವರು ಬರೆದದ್ದರಲ್ಲಿ ವಾದದ ಬಿಸಿಯು ಹೆಚ್ಚು. ನಿಘಂಟಿನಲ್ಲಾದರೋ ಜೈನನ ಪದವೂ ವೀರಶೈವನ ಪದವೂ ಬ್ರಾಹ್ಮಣನ ಪದವೂ ಹೊಲೆಗೇರಿಯ ಪದವೂ ಅಕ್ಷರಕ್ರಮದಲ್ಲಿ ಸಾಲಾಗಿ ನಿಂತಿವೆ, ಯಾರಿಗೂ ಮೇಲಿನ ಪಂಕ್ತಿಯಿಲ್ಲ.

1892ರಲ್ಲಿ ಕೆಲಸವನ್ನು ಒಂದು ದಡಕ್ಕೆ ತಂದು, ಕೆಟ್ಟ ಕಣ್ಣುಗಳೊಂದಿಗೆ ಜರ್ಮನಿಗೆ ಹಿಂತಿರುಗಿ ಟ್ಯೂಬಿಂಗೆನ್ ಪಟ್ಟಣದಲ್ಲಿ ನೆಲೆಯಾದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಾಶಾಲೆಯಿಂದ ಕನ್ನಡ ಇಂಗ್ಲಿಷ್ ನಿಘಂಟು ಹೊರಬಂತು. ಪೀಠಿಕೆಯನ್ನು ಬಿಟ್ಟು 1752 ಪುಟಗಳು. ಸುಮಾರು 70,000 ಪದಗಳು. ಸಂಸ್ಕೃತದೊಳಗೆ ದ್ರಾವಿಡ ಭಾಷೆಗಳಿಂದ ಹೋಗಿ ಸೇರಿರಬಹುದಾದ ಪದಗಳ ಪಟ್ಟಿಯೊಂದನ್ನು ಪೀಠಿಕೆಯಲ್ಲಿ ಕೊಟ್ಟರು. ಕೊಡುವವಳು ಯಾವಾಗಲೂ ಸಂಸ್ಕೃತವೇ, ಬೇಡುವವಳು ಕನ್ನಡವೇ ಎಂದು ತಿಳಿದಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ಟ್ಯೂಬಿಂಗೆನಿನ ವಿಶ್ವವಿದ್ಯಾಲಯದವರು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟರು.

ಅರುವತ್ತನಾಲ್ಕು ವರುಷವಾದ ಮನುಷ್ಯನು ಪದವಿಯನ್ನು ತೆಗೆದುಕೊಂಡು ವಿಶ್ರಮಿಸಿಕೊಳ್ಳಬಹುದಾಗಿತ್ತು. ಅವರು ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ತೋರಿಸುವ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರುಷದ ಡಿಸೆಂಬರ್ ತಿಂಗಳಲ್ಲಿ ಅವರು ಟ್ಯೂಬಿಂಗೆನಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಧಾರವಾಡಕ್ಕೆ ಬಂದು ಅಕ್ಷರಗಳನ್ನು ಕಲಿತ ವರುಷದಿಂದ ಎಣಿಸಿದರೆ ಐವತ್ತು ವರುಷಗಳಾಗಿದ್ದವು.

ಅವರ ಹೆಸರಿನ ಕಾಲೇಜು ಧಾರವಾಡದಲ್ಲಿದೆ. ನಿಘಂಟನ್ನು ಮರಿಯಪ್ಪ ಭಟ್ಟರೆಂಬ ಪಂಡಿತರು ತಿದ್ದಿ, ಹೆಚ್ಚಿನ ಪದಗಳನ್ನು ಕೂಡಿಸಿ, 1968ರಿಂದ 1971ರ ವರೆಗೆ ಮದ್ರಾಸ್ ವಿಶ್ವವಿದ್ಯಾಲಯದ ಮೂಲಕ ನಾಲ್ಕು ಸಂಪುಟಗಳಾಗಿ ಹೊರಡಿಸಿದರು.